ಹನ್ನೆರಡನೆಯ ಮಧ್ಯವರ್ತಿ

ದೇಶದ ಒಟ್ಟು ಆದಾಯದಲ್ಲಿ ಹಣಕಾಸಿನ ಮಧ್ಯವರ್ತಿಗಳ ಪಾಲು ಎಷ್ಟು ಎಂದು ಕಂಡುಹಿಡಿಯುವ ಹೊಣೆಯನ್ನು ಒಂದು ಕಾಲದಲ್ಲಿ ನನ್ನ ಹೆಗಲಿಗೆ ಹಾಕಿದ್ದರು. ಇಡೀ ದೇಶದ್ದಲ್ಲ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ತಾಲ್ಲೂಕಿನದು ಮಾತ್ರ. ಅಷ್ಟಕ್ಕೇ ನನ್ನ ಎರಡು ಜೊತೆ ಚಪ್ಪಲಿ ಸವೆದುಹೋದವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಇಪ್ಪತ್ತಮೂರು ವರ್ಷ. ಅಂಕಿಅಂಶ ಕೂಡಿಸುವ ಕಚೇರಿಯೊಂದರಲ್ಲಿ ಹಂಗಾಮಿ ಕೆಲಸ. ಹೆಗಲಿಗೊಂದು ಬ್ಯಾಗು, ಕೈಯಲ್ಲೊಂದು ಕೊಡೆ, ಬ್ಯಾಗಿನೊಳಗೆ ಒಬ್ಬ ಮಧ್ಯವರ್ತಿಗೆ ಒಂದರಂತೆ ಖಾಲಿ ಇರುವ ಹನ್ನೆರಡು ನಮೂನೆ.

ಮಾರ್ಚಿ ತಿಂಗಳ ಕೊನೆಯೊಳಗೆ ಹನ್ನೆರಡೂ ನಮೂನೆ ಭರ್ತಿಯಾಗಿ, ನಮ್ಮ ಮೇಲಧಿಕಾರಿ ಸಾಹೇಬರು ಒಪ್ಪಿದರೆ ನನ್ನ ಕೆಲಸ ಕಾಯಂ. ಒಂದು ಕಡಿಮೆಯಾದರೂ ಮನೆ. ಮನೆ ಎಂದರೆ ಅಣ್ಣನ ಮನೆ. ಅತ್ತಿಗೆ ಕೆಟ್ಟವಳಲ್ಲ, ಆದರೆ ಬೆಳಿಗ್ಗೆ ಎದ್ದರೆ ಹೆರಳು ಹಾಕಿಕೊಳ್ಳುವ ಮೊದಲೇ ಕೈಗೆ ಪೊರಕೆ ಕೊಡುವವಳು. ಕೆಲಸ ಇರುವ ತನಕ ಹೋಗು, ಆಮೇಲೆ ಅತ್ತಿಗೆಗೆ ನೆರವಾಗಿರು ಎಂದು ಅಪ್ಪ ಆಗಲೇ ತೀರ್ಮಾನ ಹೇಳಿಬಿಟ್ಟಿದ್ದರು. ನನಗೆ ಆ ಕೆಲಸ ಬೇಕಿತ್ತು. ಒಬ್ಬಳೇ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದು, ಒಂದನೇ ತಾರೀಕು ಸಂಬಳ ಎಣಿಸಿಕೊಂಡು ಯಾರಿಗೂ ಹೇಳದೆ ಒಂದು ಮಸಾಲೆ ದೋಸೆ ತಿನ್ನುವುದು, ಇದನ್ನೆಲ್ಲ ಬಿಟ್ಟುಕೊಡುವ ಒಳ್ಳೆಯತನ ನನ್ನಲ್ಲಿ ಇರಲಿಲ್ಲ, ಈಗಲೂ ಇಲ್ಲ.

ಸಾಹೇಬರು ತುಮಕೂರಿನಿಂದ ಬಂದು ನಮಗೆ ಅರ್ಧ ದಿನ ತರಬೇತಿ ಕೊಟ್ಟರು. ಒಬ್ಬರಿಂದ ತೆಗೆದುಕೊಂಡು ಇನ್ನೊಬ್ಬರಿಗೆ ಕೊಟ್ಟು, ನಡುವೆ ತಾನೊಂದಿಷ್ಟು ಉಳಿಸಿಕೊಳ್ಳುವವನೇ ಮಧ್ಯವರ್ತಿ. ಬಂದ ಬಡ್ಡಿಯಲ್ಲಿ ಕೊಟ್ಟ ಬಡ್ಡಿ ಕಳೆದರೆ ಉಳಿಯುವುದು ಅವನು ದೇಶಕ್ಕೆ ಮಾಡಿದ ಸೇವೆ. ಬೋರ್ಡಿನ ಮೇಲೆ ಎಷ್ಟು ಸುಲಭವಾಗಿತ್ತೆಂದರೆ, ತಿಪಟೂರಿನಲ್ಲಿ ಒಂದು ಸುತ್ತು ಹಾಕಿದರೆ ಹನ್ನೆರಡು ಜನ ತಾವಾಗಿಯೇ ಕೈ ಎತ್ತುತ್ತಾರೆ ಅಂದುಕೊಂಡಿದ್ದೆ.

ಒಬ್ಬನೂ ಎತ್ತಲಿಲ್ಲ. ಮೂರು ತಾಲ್ಲೂಕಿನಲ್ಲಿ ಒಬ್ಬನೇ ಒಬ್ಬ ಮಧ್ಯವರ್ತಿ ಇರಲಿಲ್ಲ. ಕೊಬ್ಬರಿ ಮಂಡಿಯ ಸಾಹುಕಾರರೆಲ್ಲ ತಾವು ರೈತರು ಎಂದರು. ರೈತರು ತಮ್ಮ ಕೈಯಲ್ಲಿ ಏನೈತಮ್ಮ, ಎಲ್ಲಾ ಮಂಡಿಯೋರದು ಎಂದರು. ಚೀಟಿ ನಡೆಸುವ ಜವಳಿ ಅಂಗಡಿಯವರು ಚೀಟಿ ತಮ್ಮ ಭಾವಮೈದುನನದು ಎಂದರು. ಭಾವಮೈದುನ ನೊಣವಿನಕೆರೆಯಲ್ಲಿ ಸಿಕ್ಕಿ, ಚೀಟಿ ಭಾವನದೇ, ತಾನು ಬರೀ ಹಣ ತಂದುಕೊಡುವವನು ಎಂದ. ಎಲ್ಲರೂ ತೆಗೆದುಕೊಳ್ಳುತ್ತಿದ್ದರು, ಎಲ್ಲರೂ ಕೊಡುತ್ತಿದ್ದರು, ನಡುವೆ ಉಳಿಸಿಕೊಂಡವನು ಮಾತ್ರ ಯಾವಾಗಲೂ ಪಕ್ಕದ ಊರಿನಲ್ಲಿ ಇರುತ್ತಿದ್ದ.

ನನಗೆ ಸಿಟ್ಟು ಬೇಗ ಬರುತ್ತದೆ. ಮೂರನೆಯ ದಿನ ಒಂದು ಮಂಡಿಯ ಮುಂದೆ ಕುಕ್ಕರಬಡಿದು ಕೂತು, ಬಡ್ಡಿ ಎಷ್ಟು ಅಂತ ಹೇಳುವ ತನಕ ಏಳುವುದಿಲ್ಲ ಎಂದೆ. ಸಾಹುಕಾರರು ಮರ್ಯಾದಸ್ತರು, ಹಣೆ ತುಂಬ ವಿಭೂತಿ. ಹೆಣ್ಣುಮಗಳು ಬಾಗಿಲಲ್ಲಿ ಹಾಗೆ ಕೂತರೆ ಚೆನ್ನಾಗಿರಲ್ಲ ಎಂದು ಹೇಳಲು ಒಪ್ಪಿದರು. ಆದರೆ ದರವನ್ನು ಬಾಯಲ್ಲಿ ಹೇಳುವ ಪದ್ಧತಿ ಅವರ ಮನೆತನದಲ್ಲೇ ಇಲ್ಲವಂತೆ. ಟವೆಲ್ಲಿನ ಅಡಿಯಲ್ಲಿ ಕೈ ಹಿಡಿದು ಬೆರಳು ಒತ್ತಿ ಹೇಳಬೇಕು. ನನ್ನ ಕೈ ಹಿಡಿಯುವುದಂತೂ ಆಗದ ಮಾತು. ಕೊನೆಗೆ ನನ್ನ ಜೊತೆ ಬಂದಿದ್ದ ನಮ್ಮ ಕಚೇರಿಯ ಜವಾನರನ್ನು ಮುಂದೆ ಕೂರಿಸಿದೆ. ನಿವೃತ್ತಿಗೆ ಎರಡು ವರ್ಷವಿದ್ದ ಮನುಷ್ಯ, ಮದುವೆಗೆ ಕೂತವರಂತೆ ಕಾಲು ಮಡಚಿ ಕೈ ಚಾಚಿದರು. ಟವೆಲ್ ಮುಚ್ಚಿತು. ಟವೆಲ್ ಅಲ್ಲಾಡಿತು. ಸಾಹುಕಾರರು ಎದ್ದು ಒಳಗೆ ಹೋದರು.

ಜವಾನರು ಬೀದಿಗೆ ಬಂದ ಮೇಲೆ, ಎಲ್ಡು ಬೆರಳು ಹಿಡಿದ್ರು ಕಣಮ್ಮ, ಎಲ್ಡೋ ಇಪ್ಪತ್ತೋ ತಿಳೀಲಿಲ್ಲ ಎಂದರು. ಮತ್ತೆ ಹೋಗಿ ಕೇಳಿ ಬನ್ನಿ ಎಂದೆ. ಕೇಳುವುದು ಅವಮಾನವಂತೆ, ಗೊತ್ತಾಗಬೇಕಂತೆ. ಎರಡು ಮತ್ತು ಇಪ್ಪತ್ತರ ಸರಾಸರಿ ತೆಗೆದು ಹನ್ನೊಂದು ಎಂದು ಬರೆದೆ. ಸಾಹೇಬರು ಆ ನಮೂನೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ತೃಪ್ತಿಕರ" ಎಂದು ಬರೆದು ಕಳಿಸಿದರು. ಆಮೇಲೆ ನನಗೆ ದಾರಿ ಗೊತ್ತಾಯಿತು. ಫೆಬ್ರವರಿ ಮುಗಿಯುವಷ್ಟರಲ್ಲಿ ಹನ್ನೊಂದು ನಮೂನೆ ತುಂಬಿದ್ದವು. ಅವುಗಳಲ್ಲಿ ಎಷ್ಟು ನಿಜವಿತ್ತೋ ಆ ದೇವರಿಗೇ ಗೊತ್ತು.

ಹನ್ನೆರಡನೆಯದು ಸಿಕ್ಕಿದ್ದು ಹಂದನಕೆರೆ ಕಡೆಯ ಒಂದು ಹಳ್ಳಿಯಲ್ಲಿ. ಬಾಯಾರಿಕೆಯಾಗಿ ಒಂದು ಮನೆಯ ಜಗುಲಿಯಲ್ಲಿ ಕೂತೆ. ಒಬ್ಬರೇ ಇದ್ದ ವಿಧವೆ ಅಜ್ಜಿ ನೀರು ಮಜ್ಜಿಗೆ ಕೊಟ್ಟರು. ಅಷ್ಟರಲ್ಲಿ ಇಬ್ಬರು ಹೆಂಗಸರು ತಲೆಯ ಮೇಲೆ ತೆಂಗಿನಕಾಯಿ ಮಂಕರಿ ಹೊತ್ತು ಬಂದು, ಒಳಗೆ ಹೋಗಿ, ಏಣಿ ಹತ್ತಿ ಅಟ್ಟದ ಮೇಲೆ ಸುರಿದು, ಬರಿಗೈಯಲ್ಲಿ ಹೊರಟರು. ಇನ್ನೊಬ್ಬಾಕೆ ಬಂದು ಒಂದು ಮಂಕರಿ ಇಳಿಸಿಕೊಂಡು ಹೋದಳು. ಯಾರೂ ಏನೂ ಬರೆದುಕೊಳ್ಳಲಿಲ್ಲ. ನನ್ನ ಕಿವಿ ನೆಟ್ಟಗಾಯಿತು.

ವಿಷಯ ಇಷ್ಟೇ. ಹನ್ನೆರಡು ಮನೆಯ ಹೆಂಗಸರು ಸೇರಿ ಕಾಯಿಯಲ್ಲೇ ಚೀಟಿ ಕಟ್ಟಿದ್ದರು. ತಿಂಗಳಿಗೆ ಒಂದೊಂದು ಮನೆಯಿಂದ ಐವತ್ತು ಕಾಯಿ ಅಜ್ಜಿಯ ಅಟ್ಟಕ್ಕೆ. ಆ ತಿಂಗಳ ರಾಶಿ ಸರದಿ ಬಂದವಳಿಗೆ. ಅವಸರವಿದ್ದವಳು ಹಸಿಕಾಯಿಯನ್ನೇ ಇಳಿಸಿಕೊಂಡು ಹೋಗುತ್ತಾಳೆ. ಕಾಯುವ ಶಕ್ತಿಯಿದ್ದವಳು ರಾಶಿಯನ್ನು ಅಟ್ಟದಲ್ಲೇ ಬಿಡುತ್ತಾಳೆ. ಹತ್ತು ಹನ್ನೊಂದು ತಿಂಗಳಿಗೆ ಒಳಗಿನ ನೀರೆಲ್ಲ ಇಂಗಿ ಅದು ಉಂಡೆ ಕೊಬ್ಬರಿಯಾಗುತ್ತದೆ, ಕಾಯಿಗಿಂತ ಹೆಚ್ಚು ಬೆಲೆ ತರುತ್ತದೆ. ನಡುವೆ ಯಾರಿಗಾದರೂ ಮದುವೆ, ಬಾಣಂತನ ಬಂದರೆ ಅಜ್ಜಿ ಇನ್ನೊಬ್ಬಳ ರಾಶಿಯಿಂದ ಒಣಗಿದ್ದನ್ನು ಕೊಡುತ್ತಾರೆ, ಆಮೇಲೆ ಅಷ್ಟೇ ಹಸಿಕಾಯಿ ವಾಪಸು ಹಾಕಿಸುತ್ತಾರೆ. ಆ ರಾಶಿಯ ಯಜಮಾನಿ ಕೇಳುವ ಹೊತ್ತಿಗೆ ಅದೂ ಒಣಗಿರುತ್ತದೆ. ಯಾರಿಗೂ ನಷ್ಟವಿಲ್ಲ, ಬಡ್ಡಿ ಎಂಬ ಮಾತೇ ಇಲ್ಲ. ಅಜ್ಜಿ ಉಳಿಸಿಕೊಳ್ಳುವುದು ಒಲೆಗೆ ಬೇಕಾದ, ಕಾಯಿ ಸುಲಿದ ಮಟ್ಟೆ ಮತ್ತು ಕರಟ ಮಾತ್ರ. ಆ ಒಲೆಯ ಹೊಗೆಯೇ ಅಟ್ಟಕ್ಕೆ ಹೋಗಿ ಕಾಯಿ ಒಣಗಿಸುತ್ತದೆ.

ಮಂಡಿಯ ಸಾಹುಕಾರರ ಹತ್ತಿರ ಸಿಗದ ಮಧ್ಯವರ್ತಿ ಇಲ್ಲಿ ಮಜ್ಜಿಗೆ ಕೊಟ್ಟು ಕೂತಿದ್ದರು! ನಾನು ಖುಷಿಯಿಂದ ನಮೂನೆ ತೆಗೆದು ಹೆಸರು ಕೇಳಿದೆ. ಅಜ್ಜಿ ಲೋಟ ಕೆಳಗಿಟ್ಟರು.

"ಕಾಯಿ ಲೆಕ್ಕ ಏನು ಬೇಕಾದ್ರೂ ಬರ್ಕ. ನನ್ನ ಹೆಸ್ರು ಮಾತ್ರ ಬ್ಯಾಡ ಕಣವ್ವ. ಸಾಹುಕಾರ್ತಿ ಅಂತ ಕಾಗ್ದದಲ್ಲಿ ಬಂದ್ರೆ ಮನಿಯಾರ್ಡ್ರು ನಿಲ್ಲಿಸ್ಬುಡ್ತಾರೆ."

ಸರ್ಕಾರ ಕೊಡುವ ವೃದ್ಧಾಪ್ಯ ವೇತನ ಅವರಿಗೆ ತಿಂಗಳು ತಿಂಗಳೂ ಮನಿಯಾರ್ಡರಿನಲ್ಲಿ ಬರುತ್ತಿತ್ತು. ರಾಗಿ, ಸೀಮೆಎಣ್ಣೆ, ಎಲೆಅಡಿಕೆ ಎಲ್ಲ ಅದರಲ್ಲೇ. ನಮೂನೆಯ ಮೂರು ಪ್ರತಿಯಲ್ಲಿ ಒಂದು ತಾಲ್ಲೂಕು ಕಚೇರಿಗೆ ಹೋಗುತ್ತದೆಂದು ನನಗೂ ಗೊತ್ತಿತ್ತು. ಹಾಗಾದರೆ ಮಧ್ಯವರ್ತಿ ಯಾರು ಅಂತ ಬರೆಯಲಿ ಎಂದು ರೇಗಿದೆ. ಮಾಡೋದೆಲ್ಲಾ ಅಟ್ಟ ತಾನೆ, ಅದರ ಹೆಸರು ಬರ್ಕ ಎಂದರು. ಬಿಸಿಲು ನೆತ್ತಿಗೇರಿತ್ತು, ಬಸ್ಸಿಗೆ ಹೊತ್ತಾಗಿತ್ತು. ಮಧ್ಯವರ್ತಿಯ ಹೆಸರು ಎಂಬಲ್ಲಿ "ಅಟ್ಟ" ಎಂದು ಬರೆದು ಎದ್ದೆ.

ಒಂದು ವಾರಕ್ಕೆ ತುಮಕೂರಿನಿಂದ ಮೆಮೊ ಬಂತು. ಬೈದಿರುತ್ತಾರೆ ಎಂದುಕೊಂಡೇ ಒಡೆದೆ. ಅಟ್ಟ ಹೇಗೆ ಮಧ್ಯವರ್ತಿಯಾಯಿತು ಎಂಬ ಮಾತೇ ಅದರಲ್ಲಿರಲಿಲ್ಲ. ಹನ್ನೆರಡನೆಯ ಮಧ್ಯವರ್ತಿಯ ವಯಸ್ಸು, ವಿದ್ಯಾಭ್ಯಾಸ ಹಾಗೂ ವೈವಾಹಿಕ ಸ್ಥಿತಿ ನಮೂದಿಸಿಲ್ಲ, ಕೂಡಲೇ ನಮೂದಿಸುವುದು, ಅಷ್ಟೇ. ನಾನು ಮತ್ತೆ ಬಸ್ಸು ಹತ್ತಿ ಹೋಗಿ ವಿಚಾರಿಸಿದೆ. ಅಜ್ಜಿಯ ಮಾವ ಮನೆ ಕಟ್ಟಿಸಿ ಅರವತ್ತು ವರ್ಷವಾಗಿತ್ತು. ವಯಸ್ಸು ಅರವತ್ತು, ಅನಕ್ಷರಸ್ಥ, ಅವಿವಾಹಿತ ಎಂದು ಬರೆದು ಕಳಿಸಿದೆ. ಅನಕ್ಷರಸ್ಥ ಎನ್ನುವುದಕ್ಕೆ ಅಜ್ಜಿ ಸ್ವಲ್ಪ ಬೇಜಾರು ಮಾಡಿಕೊಂಡರು. ಅಲ್ಲಿ ಹಳೇ ಪಂಚಾಂಗಗಳ ಗಂಟು ಇತ್ತಂತೆ.

ಎರಡನೆಯ ಮೆಮೊ ಬಂತು. ಮಧ್ಯವರ್ತಿಯ ಹೆಬ್ಬೆಟ್ಟಿನ ಗುರುತು ಏಕಿಲ್ಲ? ಮಧ್ಯವರ್ತಿ ಕೆಳಗೆ ಇಳಿದು ಬರುವ ಸ್ಥಿತಿಯಲ್ಲಿಲ್ಲ ಎಂದು ಉತ್ತರ ಬರೆದೆ. ಸುಳ್ಳೇನಲ್ಲವಲ್ಲ. ಮೂರನೆಯ ಬಾರಿ ಮೆಮೊ ಬರಲಿಲ್ಲ, ಮಾರ್ಚಿ ಕೊನೆಯ ವಾರದಲ್ಲಿ ಸಾಹೇಬರೇ ಬಂದರು. ಹಾಸಿಗೆ ಹಿಡಿದವನೊಬ್ಬ ಅಷ್ಟು ವ್ಯವಹಾರ ನಡೆಸುತ್ತಿದ್ದರೆ ಮೇಲಿನವರು ಪ್ರಶ್ನೆ ಕೇಳುತ್ತಾರಂತೆ, ತಾವು ಕಣ್ಣಾರೆ ನೋಡಬೇಕಂತೆ.

ಸಾಹೇಬರು ದಪ್ಪ ಮನುಷ್ಯರು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಅಜ್ಜಿಯ ಮನೆಯೊಳಗೆ ನಿಂತು ಏಣಿಯನ್ನು ಮೇಲಿಂದ ಕೆಳಗೆ ನೋಡಿದರು. ಈಗಲಾದರೂ ನಗುತ್ತಾರೆ, ಇಲ್ಲವೇ ಉಗಿಯುತ್ತಾರೆ ಎಂದು ಕಾದೆ. ಅವರು ಬೂಟು ಬಿಚ್ಚಿ ಏಣಿ ಹತ್ತಿದರು. ಹಿಂದೆ ನಾನು, ನನ್ನ ಹಿಂದೆ ಅಜ್ಜಿ. ಹೊಗೆ ಹಿಡಿದ ಕತ್ತಲಲ್ಲಿ ಕಾಯಿಗಳ ನಡುವೆ ಮೂವರೂ ಬಗ್ಗಿ ಕೂತೆವು. ಸಾಹೇಬರು ನಮೂನೆಯನ್ನು ಮೊಣಕಾಲ ಮೇಲೆ ಹರಡಿಕೊಂಡು, ಯಾವುದು ಕೊಟ್ಟಿದ್ದು, ಯಾವುದು ಬಂದಿದ್ದು ಎಂದು ಕೇಳಿದರು. ಅಜ್ಜಿ ಅವರ ಒಂದು ಕೈಗೆ ಹಸಿಕಾಯಿ, ಇನ್ನೊಂದು ಕೈಗೆ ಒಣಗಿದ್ದು ಕೊಟ್ಟರು. ಒಣಗಿದ್ದನ್ನು ಅವರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಉರುಳುವ ಗುಡುಗುಡು ಸದ್ದು ಕೇಳಿಸಿದರು.

ಸಾಹೇಬರು ಎರಡನ್ನೂ ತೂಗಿ ನೋಡಿದರು. ಹಸಿಯದು ಭಾರ, ಒಣಗಿದ್ದು ಹಗುರ. ಹಾಗಾದರೆ ಮಧ್ಯವರ್ತಿ ಹೆಚ್ಚು ತೆಗೆದುಕೊಂಡು ಕಡಿಮೆ ಕೊಡುತ್ತಿದೆ ಎಂದರು. ಬೆಲೆ ಒಣಗಿದ್ದಕ್ಕೇ ಜಾಸ್ತಿ ಸಾರ್ ಎಂದೆ. ಹಾಗಾದರೆ ಕಡಿಮೆ ತೆಗೆದುಕೊಂಡು ಹೆಚ್ಚು ಕೊಡುತ್ತಿದೆ, ದೇಶಕ್ಕೆ ಮಾಡಿದ ಸೇವೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ ಎಂದರು. ಸೊನ್ನೆಗಿಂತ ಕೆಳಗಿನದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. ಅವರ ಹಣೆಯಿಂದ ಬೆವರು ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು. ನಡುವಿನ ನೀರು ಎಲ್ಲಿಗೆ ಹೋಯಿತು ಎಂದು ಅಜ್ಜಿಯನ್ನು ಗಟ್ಟಿಸಿ ಕೇಳಿದರು. ಅಟ್ಟ ಕುಡೀತು ಬುಡಿ ಸ್ವಾಮಿ ಎಂದರು ಅಜ್ಜಿ. ಸಾಹೇಬರು ಅದನ್ನು ಬರೆದುಕೊಂಡರು. ಮಧ್ಯವರ್ತಿಯ ಸ್ವಂತ ಬಳಕೆ, ನೀರು. ಮಟ್ಟೆ, ಕರಟವನ್ನು ಸೇವಾಶುಲ್ಕ ಎಂದು ಬರೆದರು. ಕೂಡಿಸಿದರು, ಕಳೆದರು, ಹೇಗೋ ಒಂದು ಮೊತ್ತ ಬಂತು. ಅವರ ಮುಖದಲ್ಲಿ ಅಂಥ ನೆಮ್ಮದಿ ನಾನು ಮತ್ತೆಂದೂ ನೋಡಲಿಲ್ಲ.

ಕೆಳಗಿಳಿದು ಬೂಟು ಹಾಕಿಕೊಳ್ಳುವಾಗ ಅವರಿಗೆ ಏನೋ ನೆನಪಾಯಿತು. ಎಲ್ಲ ಸರಿಯಿದೆ, ಆದರೆ ಅಟ್ಟಕ್ಕೆ ಹೆಬ್ಬೆಟ್ಟಿಲ್ಲ. ಹೆಬ್ಬೆಟ್ಟಿಲ್ಲದ ನಮೂನೆ ಹನ್ನೊಂದಕ್ಕೆ ಸೇರುವುದಿಲ್ಲ.

"ನೋಡಮ್ಮ, ಮನುಷ್ಯರದೊಂದು ಹೆಸರು ಬರೆದು ಹೆಬ್ಬೆಟ್ಟು ಹಾಕಿಸು, ಇಲ್ಲೇ ಒಪ್ಪಿಗೆ ಹಾಕುತ್ತೇನೆ. ಇಲ್ಲದಿದ್ದರೆ ಹನ್ನೊಂದೇ ಆಯಿತು. ನಾಲ್ಕು ಗಂಟೆಯ ಬಸ್ಸಿಗೆ ನಾನು ಹೋಗಬೇಕು."

ಅವರು ಕೆಟ್ಟವರಲ್ಲ. ಈ ಮಾತನ್ನು ಹೇಳಿ ಜಗುಲಿಯಲ್ಲಿ ಕೂತು ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದರು. ನಾನು ಒಳಗೆ ಒಲೆಯ ಮುಂದೆ ನಿಂತಿದ್ದೆ. ಅಟ್ಟದ ಹೆಸರು ಬರೆದ ನನ್ನ ಬುದ್ಧಿಗೆ ಬೆಂಕಿ ಹಾಕಬೇಕು ಅನ್ನಿಸುತ್ತಿತ್ತು. ಅಜ್ಜಿ ಹಿಂದೆಯೇ ಬಂದು ಮೆಲ್ಲಗೆ ಕೇಳಿದರು.

"ನನ್ನ ಹೆಸ್ರು ಬರೀದಿದ್ರೆ ನಿಂಗೇನಾಯ್ತದೆ?"

ಕೆಲಸ ಹೋಗುತ್ತದೆ, ಅಣ್ಣನ ಮನೆಗೆ ಹೋಗಬೇಕು ಎಂದೆ. ಅಲ್ಲಿ ಹೊಡೀತಾರಾ ಎಂದು ಕೇಳಿದರು. ಹೊಡೆಯುವುದಿಲ್ಲ, ಹೊಟ್ಟೆಗೂ ಕಡಿಮೆಯಿಲ್ಲ ಎಂದೆ. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. ನಿಮ್ಮ ಮನಿಯಾರ್ಡರು ನಿಲ್ಲಬಹುದು ಅಜ್ಜಿ ಎಂದೂ ಹೇಳಿದೆ. ಆಮೇಲೆ, ಹೇಳಬಾರದಿತ್ತು, ಆದರೂ ಹೇಳಿಬಿಟ್ಟೆ, ನನಗೆ ಈ ಕೆಲಸ ಬೇಕು ಎಂದು.

ಅಜ್ಜಿ ಒಲೆಯೊಳಗೆ ಒಂದು ಮಟ್ಟೆ ತಳ್ಳಿದರು. ಅದು ಹೊತ್ತಿಕೊಂಡ ಮೇಲೆ ನನ್ನ ಕಡೆ ತಿರುಗಿದರು.

"ಹಂಗಾದ್ರೆ ಈ ಸಲದ ರಾಸಿ ನೀನೇ ಇಳಿಸ್ಕ. ನಿಂಗೆ ಅವಸರ ಐತೆ, ನಾನು ಕಾಯ್ತೀನಿ. ಆಮ್ಯಾಕೆ ವಾಪಸ್ ಹಾಕಿವಂತೆ. ಬರ್ಕ ನನ್ನ ಹೆಸ್ರು."

ಬೇಡ ಅನ್ನಬೇಕಿತ್ತು. ಹಾಗೆ ಅಂದೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಅಭಿಮಾನ ಬರುತ್ತದೆ. ನಾನು ಅನ್ನಲಿಲ್ಲ. "ಅಟ್ಟ" ಎಂಬುದರ ಮೇಲೆ ಗೀಟು ಎಳೆದು ಅಜ್ಜಿಯ ಹೆಸರು ಬರೆದೆ. ಶಾಯಿ ಹಚ್ಚಿ ಅವರ ಹೆಬ್ಬೆರಳನ್ನು ನಾನೇ ಹಿಡಿದು ಮೂರು ಪ್ರತಿಗೂ ಒತ್ತಿಸಿದೆ. ಸಾಹೇಬರು ಒಪ್ಪಿಗೆ ಹಾಕಿ, ಮಜ್ಜಿಗೆ ಚೆನ್ನಾಗಿತ್ತು ಎಂದು ಹೇಳಿ ಬಸ್ಸಿಗೆ ಹೋದರು.

ಜೂನಿನಲ್ಲಿ ನನ್ನ ಕಾಯಂ ಆದೇಶ ಬಂತು. ಅಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದರು. ಜುಲೈನಲ್ಲಿ ಅಜ್ಜಿಯ ಮನಿಯಾರ್ಡರು ನಿಂತಿತು. ನಾನು ತಾಲ್ಲೂಕು ಕಚೇರಿಗೆ ಓಡಿ, ಅವರು ಬಡವರು, ನಾನು ಕಣ್ಣಾರೆ ನೋಡಿದ್ದೇನೆ ಎಂದು ಕೂಗಾಡಿದೆ. ಅಲ್ಲಿನ ಗುಮಾಸ್ತರು ಸಮಾಧಾನದಿಂದ ಕಡತ ತೆರೆದು, ಇವರು ಹನ್ನೆರಡು ಮನೆಗಳಿಗೆ ಹಣಕಾಸು ಒದಗಿಸುವ ಮಧ್ಯವರ್ತಿ ಎಂದು ಪ್ರಮಾಣೀಕರಿಸಿದವರ ರುಜು ಇಲ್ಲಿದೆ, ಈ ರುಜು ಯಾರದು ಗೊತ್ತಾ ಎಂದು ಕೇಳಿದರು. ರುಜು ನನ್ನದು. ಅದನ್ನು ಅಲ್ಲಗಳೆಯಲು ಅದೇ ಅಧಿಕಾರಿಯಿಂದ ಪತ್ರ ಬೇಕಂತೆ. ನಾನೇ ಆ ಅಧಿಕಾರಿ ಎಂದೆ. ಹಾಗಾದರೆ ಸುಳ್ಳು ವರದಿ ಕೊಟ್ಟಿದ್ದಕ್ಕೆ ಮೊದಲು ನಿಮ್ಮ ಕೆಲಸ ಹೋಗುತ್ತೆ, ಕೆಲಸ ಹೋದ ಮೇಲೆ ನಿಮ್ಮ ಪತ್ರ ನಡೆಯೋದಿಲ್ಲ ಎಂದರು. ತಮಾಷೆಗೆ ಹೇಳಿದ್ದಲ್ಲ, ನಿಯಮವೇ ಹಾಗಿತ್ತು. ನಾನು ಪತ್ರ ಬರೆಯಲಿಲ್ಲ.

ಅದರ ಬದಲು ಪ್ರತಿ ತಿಂಗಳು ಒಂದನೇ ತಾರೀಕು ನನ್ನ ಸಂಬಳದಿಂದ ಸರ್ಕಾರ ಕೊಡುತ್ತಿದ್ದಷ್ಟನ್ನೇ ಅಜ್ಜಿಗೆ ಮನಿಯಾರ್ಡರು ಮಾಡಿದೆ. ಕಳಿಸಿದ ದಿನ ಮನಸ್ಸು ಹಗುರಾಗುತ್ತಿತ್ತು. ಅವರ ಹೆಬ್ಬೆಟ್ಟಿನ ರಸೀದಿ ಸರಿಯಾಗಿ ವಾಪಸು ಬರುತ್ತಿತ್ತು. ಅವನ್ನು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದೆ. ಇನ್ನು ಅವರು ಇರುವ ತನಕ ಹೀಗೇ ನಡೆಸಿಕೊಂಡು ಹೋದರಾಯಿತು, ನಾನು ಮಾಡಿದ್ದು ಸರಿಹೋಗುತ್ತದೆ ಎಂದು ನಂಬಿದ್ದೆ.

ಹದಿಮೂರನೆಯ ತಿಂಗಳು ರಸೀದಿ ಬರಲಿಲ್ಲ. ಹಣವೇ ವಾಪಸು ಬಂತು. ಪಡೆಯಬೇಕಾದವರು ನಿರಾಕರಿಸಿದ್ದಾರೆ ಎಂದು ಅಂಚೆಯವರು ಬರೆದಿದ್ದರು. ಅಜ್ಜಿಗೆ ಏನೋ ಆಗಿದೆ ಅಂದುಕೊಂಡೆ. ರಜೆ ಹಾಕಿ ಓಡಿದೆ.

ಅಜ್ಜಿಗೆ ಏನೂ ಆಗಿರಲಿಲ್ಲ. ಜಗುಲಿಯಲ್ಲಿ ಕೂತು ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತಿದ್ದರು. ಪೊರಕೆ ಕಟ್ಟಿ ಹಂದನಕೆರೆ ಸಂತೆಗೆ ಕೊಡುತ್ತಾರಂತೆ. ಎಲೆಅಡಿಕೆ ಬಿಟ್ಟಿದ್ದರು, ಬಾಯಿ ಬೆಳ್ಳಗಿತ್ತು. ನಾನು ಚಪ್ಪಲಿಯನ್ನೂ ಬಿಡದೆ ಬೈಯಲು ಶುರುಮಾಡಿದೆ, ಏನು ಹಟ ಇದು, ನನ್ನ ದುಡ್ಡು ಕಚ್ಚುತ್ತದೆಯೇ ಎಂದೆಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

"ಹನ್ನೆರಡು ಮನೆ ಚೀಟಿ ಹನ್ನೆರಡು ತಿಂಗ್ಳಿಗೆ ಮುಗೀತದೆ ಕಣವ್ವ. ನೀನು ಇಳಿಸ್ಕಂಡಿದ್ದೆ, ವಾಪಸ್ ಹಾಕ್ದೆ. ತೀರೋಯ್ತು."

ನನಗೆ ಅಳು ಬಂದುಬಿಟ್ಟಿತು. ಸರ್ಕಾರದ್ದು ಹನ್ನೆರಡು ತಿಂಗಳಿಗೆ ಮುಗಿಯುತ್ತಿತ್ತೇ ಅಜ್ಜಿ, ನೀವು ಇರುವ ತನಕ ಬರುತ್ತಿತ್ತಲ್ಲ ಎಂದೆ.

"ಹೂಂ, ಬರ್ತಿತ್ತು," ಎಂದರು. ಕೈಯಲ್ಲಿದ್ದ ಗರಿಯನ್ನು ತುದಿಯ ತನಕ ಸೀಳಿ ಮುಗಿಸಿದರು. "ಸಾಯೋಗಂಟ ನಿನ್ನ ಹಿಡ್ಕಂಡಿರಕ್ಕೆ ನಾನೇನು ಸರ್ಕಾರವಾ?"

ಊಟ ಮಾಡಿಸಿಯೇ ಕಳಿಸಿದರು. ಮುದ್ದೆ ಸಣ್ಣದಾಗಿತ್ತು, ಅದರಲ್ಲೂ ತಮಗಿಂತ ನನಗೆ ದೊಡ್ಡದನ್ನು ಇಟ್ಟಿದ್ದರು. ವಾಪಸು ಬಂದ ಹಣ ಬ್ಯಾಗಿನಲ್ಲೇ ಇತ್ತು. ಆ ತಿಂಗಳಿನಿಂದ ನನ್ನ ಸಂಬಳ ಪೂರ್ತಿ ನನ್ನದೇ ಆಯಿತು, ನಾನು ಬಯಸಿದ್ದೂ ಅದನ್ನೇ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿಯಿತ್ತು. ಅಲ್ಲಿ ಕೂರಲು ನಾಚಿಕೆಯಾಗಿ ತಿಪಟೂರಿನ ತನಕ ನಿಂತುಕೊಂಡೇ ಬಂದೆ.